ನಾಯಿ ನಿಂತ ಮನೆ

ದಾವಣಗೆರೆ ಪೊಲೀಸರ ಶ್ವಾನದಳದಲ್ಲಿದ್ದ ತುಂಗಾಳ ಹೆಸರು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 2020ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಕಡೆ ಒಂದು ಕೊಲೆಯಾಯಿತು. ಶವ ಸಿಕ್ಕ ಜಾಗದಲ್ಲಿ ವಾಸನೆ ಹಿಡಿದ ಈ ಡಾಬರ್‌ಮನ್ ಸುಮಾರು 12 ಕಿಲೋಮೀಟರ್ ಓಡಿ, ಕಾಶೀಪುರ ತಾಂಡಾದ ಒಂದು ಮನೆಯ ಮುಂದೆ ನಿಂತಿತು. ಅಲ್ಲಿಂದ ಆರೋಪಿಯ ಸುಳಿವು ಸಿಕ್ಕಿತು. ಮೇಲಧಿಕಾರಿಗಳು ಬಂದು ಹಾರ ಹಾಕಿ ಸನ್ಮಾನಿಸಿದರು. ತುಂಗಾ ಈಗಿಲ್ಲ. ಆದರೆ ಹೆಸರು ಉಳಿದಿದೆ. 2024ರ ಜುಲೈನಲ್ಲಿ ಅದೇ ಜಿಲ್ಲೆಯ 'ತುಂಗಾ 2' ಮಳೆಯಲ್ಲೇ ಸುಮಾರು 8 ಕಿಲೋಮೀಟರ್ ಓಡಿ ಕೊಲೆ ಆರೋಪಿಯ ಮನೆ ತೋರಿಸಿತು. ಆ ಹೊತ್ತಿಗೆ ಮನೆಯೊಳಗೆ ಹೊಡೆತ ತಿನ್ನುತ್ತಿದ್ದ ಅವನ ಹೆಂಡತಿಯ ಜೀವವೂ ಉಳಿಯಿತು.

ಇಂಥ ಸುದ್ದಿ ಓದಿದಾಗ ನಮಗೆಲ್ಲ ನಾಯಿಯೇ ಕಾಣುತ್ತದೆ. ನನಗೆ ಹಗ್ಗದ ಇನ್ನೊಂದು ತುದಿ ಹಿಡಿದವರ ಬಗ್ಗೆ ಬರೆಯಬೇಕೆನಿಸಿತು. ಪೊಲೀಸ್ ನಾಯಿಗೆ ಹ್ಯಾಂಡ್ಲರ್ ಇರುತ್ತಾರೆ. ಊಟ, ಸ್ನಾನ, ಅಭ್ಯಾಸ, ಕೆಲಸ ಎಲ್ಲವೂ ಅವರ ಕೈಯಲ್ಲೇ. ವರ್ಷಗಟ್ಟಲೆ ಜೊತೆಗಿದ್ದು, ನಾಯಿಯ ಕಿವಿ ನಿಮಿರಿದರೂ ಬಾಲ ನಿಂತರೂ ಅದರ ಅರ್ಥ ಅವರಿಗೆ ತಿಳಿಯುತ್ತದೆ. ನಾಯಿಯೂ ಅವರ ಧ್ವನಿ, ನಡಿಗೆ, ಮುಖ ಎಲ್ಲವನ್ನೂ ಓದುತ್ತದೆ. ಅದು ಸಂಬಳಕ್ಕೆ ಓಡುವುದಿಲ್ಲ, ಇವರು ಖುಷಿಯಾಗಲಿ ಎಂದು ಓಡುತ್ತದೆ.

ಈ ಪ್ರೀತಿಯಲ್ಲೇ ಒಂದು ಅಪಾಯವೂ ಇದೆ. 2011ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು 18 ಹ್ಯಾಂಡ್ಲರ್‌ಗಳನ್ನೂ ಅವರ ನಾಯಿಗಳನ್ನೂ ಪರೀಕ್ಷಿಸಿದ ಅಧ್ಯಯನ ಪ್ರಕಟವಾಯಿತು. ಬಚ್ಚಿಟ್ಟ ವಸ್ತು ಇಲ್ಲಿದೆ ಎಂದು ಕೆಲವು ಕಡೆ ಕೆಂಪು ಕಾಗದ ಅಂಟಿಸಿ ಹ್ಯಾಂಡ್ಲರ್‌ಗಳನ್ನು ನಂಬಿಸಿದ್ದರು. ನಿಜವಾಗಿ ಎಲ್ಲಿಯೂ ಏನೂ ಇರಲಿಲ್ಲ. ಆದರೂ 'ನಾಯಿ ಸುಳಿವು ಕೊಟ್ಟಿತು' ಎಂದು ಹ್ಯಾಂಡ್ಲರ್‌ಗಳು ಮತ್ತೆ ಮತ್ತೆ ಹೇಳಿದರು, ಅದರಲ್ಲೂ ಕೆಂಪು ಕಾಗದ ಇದ್ದ ಕಡೆ ಹೆಚ್ಚು. ಯಜಮಾನನ ಮನಸ್ಸಿನಲ್ಲಿ ಮೊದಲೇ ಅನುಮಾನ ಕೂತಿದ್ದರೆ ನಾಯಿಯ ಮೂಗು ಸ್ವತಂತ್ರವಾಗಿ ಉಳಿಯುವುದಿಲ್ಲ.

ನಮ್ಮ ಸುಪ್ರೀಂ ಕೋರ್ಟ್ ಇದಕ್ಕಿಂತ ಬಹಳ ಮೊದಲೇ ಎಚ್ಚರಿಸಿತ್ತು. 1969ರಲ್ಲಿ ಅಬ್ದುಲ್ ರಜಾಕ್ ಮುರ್ತಜಾ ದಫೇದಾರ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ, ಪೊಲೀಸ್ ನಾಯಿಯ ಸಾಕ್ಷ್ಯದ ಬಗ್ಗೆ ಇರುವ ಆಕ್ಷೇಪಗಳನ್ನು ನ್ಯಾಯಾಲಯ ವಿವರಿಸಿತು. ನಾಯಿ ಕಟಕಟೆ ಹತ್ತಿ ಮಾತಾಡಲಾರದು, ಅದರ ಪರವಾಗಿ ಹ್ಯಾಂಡ್ಲರೇ ಹೇಳಬೇಕು. ನಾಯಿಯೂ ತಪ್ಪಬಹುದು. ಮನುಷ್ಯನ ಜೀವ, ಸ್ವಾತಂತ್ರ್ಯಗಳು ನಾಯಿಯ ಊಹೆಯ ಮೇಲೆ ನಿಲ್ಲಬಾರದು. ಅಂದರೆ ನಾಯಿ ತನಿಖೆಗೆ ದಾರಿ ತೋರಿಸಬಹುದು, ತೀರ್ಪು ಕೊಡಲಾರದು.

ಇದನ್ನೆಲ್ಲ ಹೇಳಲು ಕಾರಣವಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ದೊಡ್ಡ ಕಳ್ಳತನವಾದರೆ ಕಲಬುರಗಿಯಿಂದ ಶ್ವಾನದಳ ಬರುತ್ತದೆ. ಅದು ಬರುವಷ್ಟರಲ್ಲಿ ಅರ್ಧ ಓಣಿ ಆ ಮನೆಯೊಳಗೆ ಹೊಕ್ಕು ಬಂದಿರುತ್ತದೆ. ನಮ್ಮ ಬಿಸಿಲಿಗೆ ಕಾದ ಪರಸಿ ಕಲ್ಲಿನ ಮೇಲೆ ವಾಸನೆ ಮೊದಲೇ ಬೇಗ ಆರುತ್ತದೆ. ಅದರ ಮೇಲೆ ನೂರು ಜನರ ಹೆಜ್ಜೆ ಬಿದ್ದರೆ ನಾಯಿ ಏನು ಮಾಡಬೇಕು? ನಮ್ಮ ಓಣಿಯಲ್ಲಿ ಒಮ್ಮೆ ಹೀಗೇ ಆಯಿತು. ನಾಯಿ ಒಂದು ಬಾಗಿಲ ಮುಂದೆ ಎರಡು ನಿಮಿಷ ನಿಂತು ಮುಂದೆ ಹೋಯಿತು. ಮಗ್ರಿಬ್ ಆಗುವುದರೊಳಗೆ ಆ ಮನೆಯ ಹುಡುಗ ಎಲ್ಲರ ಮೊಬೈಲಿನಲ್ಲಿ ಕಳ್ಳನಾಗಿದ್ದ. ಕದ್ದವನು ಬೇರೆ ಎಂದು ಆಮೇಲೆ ಗೊತ್ತಾಯಿತು. ಆದರೆ ಆ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಕೆಲಸದಿಂದ ಬಿಡಿಸಿದ ಅಂಗಡಿಯವರು ಅವನನ್ನು ಮತ್ತೆ ಕರೆಯಲಿಲ್ಲ.

ನಾಯಿ ಯಾರ ಹೆಸರನ್ನೂ ಕೇಳುವುದಿಲ್ಲ, ಜಾತಿ, ಮಜಹಬ್ ನೋಡುವುದಿಲ್ಲ. ಅದು ನಿಂತದ್ದು ವಾಸನೆಗೆ. ಅದಕ್ಕೆ ಹೆಸರು ಹಚ್ಚಿದ್ದು ನಾವು.

ನಮ್ಮ ಮನೆಗಳಲ್ಲಿ ನಾಯಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ನಿಜ. ಆದರೆ ಬಾಯಾರಿದ ನಾಯಿಗೆ ಬಾವಿಯಿಂದ ನೀರು ಕೊಟ್ಟವನಿಗೆ ಕ್ಷಮೆ ಸಿಕ್ಕ ಹದೀಸನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ಸೂರಃ ಕಹಫ್‌ನಲ್ಲಿ ಗುಹೆಯವರ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿಯ ಮಾತೂ ಬರುತ್ತದೆ. ಮಾತು ಬಾರದ ಜೀವಿ ಒಬ್ಬರನ್ನು ಪೂರ್ತಿ ನಂಬಿದರೆ ಆ ನಂಬಿಕೆ ಅವರ ಬಳಿ ಇರುವ ಅಮಾನತ್. ಅದನ್ನು ತನ್ನ ಅನುಮಾನಕ್ಕೆ ಬಳಸದೆ, ನಾಯಿ ಕಂಡದ್ದನ್ನಷ್ಟೇ ಹೇಳುವ ಹ್ಯಾಂಡ್ಲರೇ ಒಳ್ಳೆಯ ಹ್ಯಾಂಡ್ಲರ್. ಆದ್ದರಿಂದ ಪೊಲೀಸರು ಯಾರನ್ನು ಅನುಮಾನಿಸುತ್ತಿದ್ದಾರೆ ಎಂಬುದನ್ನು ಹ್ಯಾಂಡ್ಲರ್‌ಗೆ ಮೊದಲೇ ಹೇಳಬಾರದು ಎಂಬುದು ನನ್ನ ಅಭಿಪ್ರಾಯ.

ನಾವು ಮಾಡಬೇಕಾದದ್ದೂ ಇದೆ, ಕಷ್ಟದ್ದೇನಲ್ಲ. ಕಳ್ಳತನವಾದ ಮನೆಗೆ ನುಗ್ಗಬಾರದು, ಏನನ್ನೂ ಮುಟ್ಟಬಾರದು. ನಾಯಿ ಬಂದಾಗ ದಾರಿ ಬಿಟ್ಟು ದೂರ ನಿಲ್ಲಬೇಕು, ಶಿಳ್ಳೆ ಹೊಡೆಯಬಾರದು. ಅದು ಯಾರ ಮನೆಯ ಮುಂದೆ ನಿಂತರೂ ಮೊಬೈಲನ್ನು ಜೇಬಿನಲ್ಲೇ ಇಟ್ಟುಕೊಳ್ಳಬೇಕು. ತುಂಗಾಗೆ ಹಾರ ಹಾಕುವ ಅವಕಾಶ ನಮಗೆ ಸಿಗಲಿಲ್ಲ. ಅವಳ ಕೆಲಸಕ್ಕೆ ಮರ್ಯಾದೆ ಕೊಡಲು ಇಷ್ಟು ಮಾಡಿದರೆ ಸಾಕು.