ಸಂಬಳ ಕೊಟ್ಟಿದ್ದೀವಲ್ಲ, ಹೆಸರು ಯಾಕೆ?

ಜಯನಗರದ ದೇವಸ್ಥಾನಗಳಲ್ಲಿ ಟ್ಯೂಬ್‌ಲೈಟ್ ಪಟ್ಟಿ ಮೇಲೆ ದಾನಿಗಳ ಹೆಸರು ಎಷ್ಟು ದಪ್ಪಗೆ ಬರೆದಿರುತ್ತೆ ಅಂದ್ರೆ, ಬೆಳಕು ಹೊರಗೆ ಬರೋಕೆ ಜಾಗ ಸಿಕ್ಕೋದೇ ಕಷ್ಟ. ಕನ್ನಡ ಸಿನಿಮಾ ಶುರುವಾದರೆ ಲೈಟ್ ಯೂನಿಟ್‌ನವರಿಂದ ಹಿಡಿದು ಪ್ರೊಡಕ್ಷನ್ ಹುಡುಗರವರೆಗೆ ಟೈಟಲ್ ಕಾರ್ಡ್ ಹಾಕ್ತಾರೆ. ಹೆಸರಿಗೆ ಇಷ್ಟು ಬೆಲೆ ಕೊಡೋ ಊರು ನಮ್ಮದು. ಇದೇ ಊರಲ್ಲಿ ಕೂತು ಪ್ರಪಂಚದ ದೊಡ್ಡ ದೊಡ್ಡ ವಿಡಿಯೋ ಗೇಮ್‌ಗಳಿಗೆ ಮರ, ಕಲ್ಲು, ಕಾರು, ಮುಖ ಮಾಡಿಕೊಡೋ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನರ ಹೆಸರು ಆ ಗೇಮ್‌ನಲ್ಲಿ ಎಲ್ಲೂ ಇರಲ್ಲ. ಕೇಳಿದರೆ ಒಂದೇ ಉತ್ತರ: 'ಸಂಬಳ ಕೊಟ್ಟಿದ್ದೀವಲ್ಲ?'

ಈ ಮಾತು ಹೊಸದಲ್ಲ. ನಲವತ್ತು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಇದೇ ಮಾತು ಕೇಳಿ ಬೇಸತ್ತವರು ಏನು ಮಾಡಿದರು ಗೊತ್ತಾ?

1979. ಅಟಾರಿ ಕಂಪನಿ. ಅಲ್ಲಿ ಒಬ್ಬೊಬ್ಬ ಪ್ರೋಗ್ರಾಮರ್ ಒಂದೊಂದು ಗೇಮ್ ಪೂರ್ತಿ ಮಾಡ್ತಿದ್ದ. ಐಡಿಯಾ, ಚಿತ್ರ, ಸದ್ದು, ಕೋಡ್ ಎಲ್ಲಾ ಅವನದೇ. ಡಬ್ಬದ ಮೇಲೆ ಕಂಪನಿ ಹೆಸರು ಮಾತ್ರ. ಡೇವಿಡ್ ಕ್ರೇನ್, ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್, ಲ್ಯಾರಿ ಕಪ್ಲಾನ್ ಅನ್ನೋ ನಾಲ್ವರು ಮಾರಾಟದ ಲೆಕ್ಕ ನೋಡಿದರು. ಅರ್ಧಕ್ಕಿಂತ ಹೆಚ್ಚು ವ್ಯಾಪಾರ ತಮ್ಮ ಗೇಮ್‌ಗಳಿಂದಲೇ ಬರ್ತಿದೆ ಅನ್ನೋದು ಅವರ ಲೆಕ್ಕ. ಮೇಲಿನವರ ಹತ್ತಿರ ಹೋಗಿ ಹೆಸರು ಹಾಕಿ, ಸ್ವಲ್ಪ ಪಾಲು ಕೊಡಿ ಅಂದರು. ಕಾರ್ಖಾನೆಯಲ್ಲಿ ಕ್ಯಾಸೆಟ್ ಜೋಡಿಸೋರಿಗಿಂತ ನೀವೇನೂ ಹೆಚ್ಚಲ್ಲ ಅನ್ನೋ ಅರ್ಥದ ಉತ್ತರ ಸಿಕ್ಕಿತು ಅಂತ ಕ್ರೇನ್ ಮುಂದೆ ಹೇಳಿಕೊಂಡಿದ್ದಾರೆ.

ಆ ಉತ್ತರದಲ್ಲೇ ಒಂದು ಮೋಸ ಇದೆ. ಕ್ಯಾಸೆಟ್ ಜೋಡಿಸೋನಿಗೆ ಹೆಸರೇ ಬೇಡ ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ನೀನೂ ಅವನ ಹಾಗೇ ಅನ್ನೋದು. ಇವತ್ತು ನಮ್ಮೂರಿನ ಕಲಾವಿದರಿಗೆ 'ನೀವು ಬರೀ ಔಟ್‌ಸೋರ್ಸಿಂಗ್' ಅನ್ನೋರೂ ಇದೇ ಆಟ ಆಡ್ತಿದ್ದಾರೆ.

ನಾಲ್ವರೂ ಕೆಲಸ ಬಿಟ್ಟರು. ಜಿಮ್ ಲೆವಿ ಜೊತೆ ಸೇರಿ ಆಕ್ಟಿವಿಷನ್ ಕಟ್ಟಿದರು. ಅಟಾರಿ ಕೋರ್ಟಿಗೆ ಎಳೆಯಿತು, ಕೊನೆಗೆ ರಾಜಿ ಆಯಿತು. ಹೊಸ ಕಂಪನಿಯ ಗೇಮ್‌ಗಳಲ್ಲಿ ಮಾಡಿದವರ ಹೆಸರು ಅಚ್ಚಾಯಿತು. ಜೊತೆಗೆ ಬರೋ ಪುಸ್ತಕದಲ್ಲಿ ಅವರ ಫೋಟೋ, ಆಡೋರಿಗೆ ಅವರದೇ ಸಲಹೆ.

1982ರಲ್ಲಿ ಅಲ್ಲಿಂದ ಬಂದಿದ್ದೇ 'ಪಿಟ್‌ಫಾಲ್'. ಕಾಡಲ್ಲಿ ಓಡೋ ಹ್ಯಾರಿ, ಉರುಳೋ ದಿಮ್ಮಿ, ಬಾಯಿ ತೆರೆಯೋ ಮೊಸಳೆ, ಬಳ್ಳಿ ಹಿಡಿದು ಹಳ್ಳ ದಾಟೋದು, 20 ನಿಮಿಷದಲ್ಲಿ 32 ನಿಧಿ. ಓಡು, ಹಾರು, ಬೀಳಬೇಡ ಅನ್ನೋ ಆಟವನ್ನ ಮನೆಯ ಟಿವಿಗೆ ತಂದು ಕೂರಿಸಿದ ಮೊದಲಿಗರಲ್ಲಿ ಇದೂ ಒಂದು. ನಾವೆಲ್ಲ ಬೇಸಿಗೆ ರಜೆ ಸವೆಸಿದ ಮಾರಿಯೋ ಬಂದಿದ್ದು ಇದಾದ ಮೂರು ವರ್ಷಕ್ಕೆ, 1985ರಲ್ಲಿ.

ಓಡೋ ಮನುಷ್ಯ, ದಾರಿ, ಕಾಡು ಅನ್ನೋ ಮೂಲ ಕಲ್ಪನೆ ಹಾಳೆ ಮೇಲೆ ಮೂಡೋಕೆ ಹತ್ತು ನಿಮಿಷ ಸಾಕಾಯಿತಂತೆ. ಅದನ್ನ ಆಡುವಂತೆ ಮಾಡೋಕೆ ಹಿಡಿದಿದ್ದು ಸುಮಾರು 1000 ಗಂಟೆ. ಇದು ಕ್ರೇನ್ ಅವರೇ ಕೊಟ್ಟ ಲೆಕ್ಕ. ಅವರ ಕೈಯಲ್ಲಿದ್ದಿದ್ದು 4 ಕೆಬಿ ಕ್ಯಾಸೆಟ್, 128 ಬೈಟ್ ಮೆಮೊರಿ. ಅಷ್ಟರಲ್ಲಿ 255 ಪರದೆಗಳ ಕಾಡು ತುಂಬಿಸೋಕೆ ಆಗಲ್ಲ. ಅದಕ್ಕೆ ಅವರು ಕಾಡನ್ನ ಇಟ್ಟುಕೊಳ್ಳಲೇ ಇಲ್ಲ. ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆ ಹುಟ್ಟಿಸೋ ಪುಟ್ಟ ಸೂತ್ರ ಬರೆದರು. ಆ ಸಂಖ್ಯೆಯೇ ಇಲ್ಲಿ ಹಳ್ಳ, ಇಲ್ಲಿ ಮೊಸಳೆ, ಇಲ್ಲಿ ದಿಮ್ಮಿ ಅಂತ ತೀರ್ಮಾನಿಸುತ್ತೆ. ಹ್ಯಾರಿ ಹಿಂದಕ್ಕೆ ಓಡಿದರೆ ಸೂತ್ರವೂ ಹಿಂದಕ್ಕೆ ಓಡುತ್ತೆ. ಆ ಗೇಮ್ 40 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಈಗ ಯೋಚನೆ ಮಾಡಿ. ಹತ್ತು ನಿಮಿಷ ಐಡಿಯಾ, ಸಾವಿರ ಗಂಟೆ ದುಡಿಮೆ. 'ಐಡಿಯಾ ಅವರದು, ನೀವು ಬರೀ ಮಾಡಿಕೊಡೋರು' ಅನ್ನೋ ವಾದ ಇಲ್ಲೇ ಮಕಾಡೆ ಮಲಗುತ್ತೆ. ಮಾಡೋದೇ ಗೇಮ್ ಸ್ವಾಮಿ. ಕ್ರೇನ್ ಎರಡನ್ನೂ ತಾವೇ ಮಾಡಿದರು ಅನ್ನೋದು ನಿಜ. ಇವತ್ತು ಆ ಸಾವಿರ ಗಂಟೆ ನೂರಾರು ಜನರ ನಡುವೆ ಹಂಚಿ ಹೋಗಿದೆ. ಹಂಚಿದ ಕೂಡಲೇ ದುಡಿಮೆ ಮಾಯ ಆಗಲ್ಲ.

ನಮ್ಮೂರಿಗೆ ಇದು ದೂರದ ಮಾತಲ್ಲ. ರಾಜೇಶ್ ರಾವ್ ಬೆಂಗಳೂರಲ್ಲಿ ತೊಂಬತ್ತರ ದಶಕದಲ್ಲೇ ಧ್ರುವ ಇಂಟರ್ಯಾಕ್ಟಿವ್ ಶುರು ಮಾಡಿದರು. ಅದನ್ನ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೊಂಡಿತು, 2019ರಲ್ಲಿ ರಾಕ್‌ಸ್ಟಾರ್ ಕೊಂಡು ತನ್ನ ಇಲ್ಲಿನ ಸ್ಟುಡಿಯೋಗೆ ಸೇರಿಸಿಕೊಂಡಿತು. ಆನಿಮೇಷನ್, ಗೇಮಿಂಗ್‌ಗೆ ಅಂತಲೇ ಕರ್ನಾಟಕ 2012ರಲ್ಲೇ ನೀತಿ ತಂದಿತು. ಅಂದರೆ ಕೆಲಸ ಇದೆ, ಕಸುಬು ಇದೆ, ಸರ್ಕಾರಕ್ಕೂ ಗೊತ್ತಿದೆ.

ನಾನು ಈ ಕಸುಬಿನವನೇ. ಒಂದು ಕಂಪನಿಯಲ್ಲಿ ಹದಿನೆಂಟು ತಿಂಗಳು ಒಂದೇ ಗೇಮ್‌ಗೆ ಮೆಟ್ಟಿಲು, ಗೋಡೆ, ಬೇರು ಮಾಡಿದೆ. ಗೇಮ್ ಬಿಡುಗಡೆಯಾದ ದಿನ ಅಮ್ಮ ಕನ್ನಡಕ ಹಾಕಿಕೊಂಡು ಟಿವಿ ಮುಂದೆ ಕೂತರು. ಕೊನೆಯ ಹೆಸರುಗಳು ಇಪ್ಪತ್ತು ನಿಮಿಷ ಓಡಿದವು. ಆಫೀಸಿಗೆ ಪಿಜ್ಜಾ ತರಿಸಿದವರಿಗೂ ಥ್ಯಾಂಕ್ಸ್ ಇತ್ತು. ನಮ್ಮ ಮೂವತ್ತೈದು ಜನಕ್ಕೆ ಸಿಕ್ಕಿದ್ದು ಕಂಪನಿ ಹೆಸರಿನ ಒಂದು ಸಾಲು. 'ನಿಂದು ಎಲ್ಲೋ ತಪ್ಪಿ ಹೋಯ್ತೇನೋ, ಇನ್ನೊಂದ್ಸಲ ಹಾಕು' ಅಂದರು ಅಮ್ಮ. ಹಾಕಲಿಲ್ಲ.

ಇದು ಬರೀ ಮನಸ್ಸಿನ ನೋವಲ್ಲ, ಹೊಟ್ಟೆಪಾಡು. ಮುಂದಿನ ಇಂಟರ್‌ವ್ಯೂನಲ್ಲಿ 'ಈ ಗೇಮ್ ಮಾಡಿದ್ದೀನಿ' ಅಂದರೆ ಸಾಕ್ಷಿ ಎಲ್ಲಿ? ಮಾಡಿದ ಮಾಡೆಲ್ ತೋರಿಸೋ ಹಾಗಿಲ್ಲ, ಹೆಸರೂ ಇಲ್ಲ. ಹತ್ತು ವರ್ಷದ ಅನುಭವಸ್ಥನೂ ನಿನ್ನೆ ಕೋರ್ಸ್ ಮುಗಿಸಿದವನ ಹಾಗೆ ಟೆಸ್ಟ್ ಬರೀಬೇಕು.

ಗೌಪ್ಯತೆ ಒಪ್ಪಂದ ಇದೆ ಅಂತೀರಾ? ಬಿಡುಗಡೆಯಾಗಿ ಲಕ್ಷಾಂತರ ಜನ ಆಡ್ತಿರೋ ಗೇಮ್‌ನಲ್ಲಿ ಗೋಡೆ ಮಾಡಿದವನ ಹೆಸರು ಯಾವ ಗುಟ್ಟು? ಜನ ಜಾಸ್ತಿ ಅಂತೀರಾ? ನೂರು ಹೆಸರು ಸೇರಿಸಿದರೆ ಪರದೆ ಇನ್ನೊಂದೆರಡು ನಿಮಿಷ ಓಡುತ್ತೆ, ಅಷ್ಟೆ. ಇಷ್ಟಕ್ಕೂ ಹೆಸರು ಹಾಕಿಕೊಳ್ಳೋ ಚಟ ನಾವು ಪಶ್ಚಿಮದಿಂದ ಕಲಿತದ್ದಲ್ಲ. ಬೇಲೂರಿನಲ್ಲಿ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಕಲ್ಲಲ್ಲೇ ಸಹಿ ಕೆತ್ತಿ ಹೋದರು. ದೇವಸ್ಥಾನ ಕಟ್ಟಿಸಿದ್ದು ರಾಜ, ದಂಡನಾಯಕ. ಹಣ ಕೊಟ್ಟವರೂ ಅವರೇ. ಹಾಗಂತ ಶಿಲ್ಪಿಯ ಉಳಿಗೆ ಯಾರೂ ಅಡ್ಡ ಹಿಡಿಯಲಿಲ್ಲ.

ಹಾಗಾದರೆ ಏನು ಮಾಡೋದು? ಕ್ರೇನ್ ಥರ ರಾಜೀನಾಮೆ ಬಿಸಾಕಿ ಅಂತ ಹೇಳಲ್ಲ, ಎಲ್ಲರಿಗೂ ಇಎಂಐ ಇದೆ. ಆಫರ್ ಲೆಟರ್ ಬಂದಾಗ ಸಂಬಳದ ಜೊತೆ ಇನ್ನೊಂದು ಪ್ರಶ್ನೆ ಕೇಳಿ: ಕ್ಲೈಂಟ್ ಜೊತೆಗಿನ ಒಪ್ಪಂದದಲ್ಲಿ ಕ್ರೆಡಿಟ್ ಬಗ್ಗೆ ಏನಿದೆ? ಒಬ್ಬರೇ ಕೇಳಿದರೆ ಕಿರಿಕ್ ಪಾರ್ಟಿ ಅಂತಾರೆ, ಇಡೀ ಟೀಮ್ ಕೇಳಿದರೆ ಮೀಟಿಂಗ್ ಕರೀತಾರೆ. ಟೀಮ್ ಲೀಡ್‌ಗಳು ಯಾರು ಯಾವ ತಿಂಗಳು ಏನು ಮಾಡಿದರು ಅಂತ ಪಟ್ಟಿ ಇಟ್ಟುಕೊಳ್ಳಲಿ, ಮಧ್ಯದಲ್ಲಿ ಕೆಲಸ ಬಿಟ್ಟವರನ್ನೂ ಸೇರಿಸಿ. ಸರ್ಕಾರ ಗೇಮ್ ಸ್ಟುಡಿಯೋಗಳಿಗೆ ರಿಯಾಯಿತಿ ಕೊಡುವಾಗ ಕೆಲಸಗಾರರ ಹೆಸರು ಹಾಕಿಸಬೇಕು ಅನ್ನೋ ಒಂದು ಷರತ್ತು ಸೇರಿಸಲಿ. ಖಜಾನೆಗೆ ಒಂದು ಪೈಸೆ ಖರ್ಚಿಲ್ಲ.

ಇನ್ನು ಗೇಮ್ ಆಡೋರಿಗೆ. ಮುಂದಿನ ಸಲ ಕೊನೆಯ ಹೆಸರುಗಳು ಓಡುವಾಗ ಸ್ಕಿಪ್ ಬಟನ್ ಒತ್ತಬೇಡಿ. ಬೆಂಗಳೂರಿನ ಸ್ಟುಡಿಯೋ ಹೆಸರು ಬಂದಾಗ ಅದರ ಕೆಳಗೆ ಮನುಷ್ಯರಿದ್ದಾರಾ ನೋಡಿ. ಇಲ್ಲದಿದ್ದರೆ ಆ ಗೇಮ್ ಮಾಡಿದ ಕಂಪನಿಗೆ ಬರೆದು ಕೇಳಿ: ಇವರೆಲ್ಲ ಯಾರು?