ಮನೆ ಎಣಿಸಬೇಡಿರಿ, ಒಲೆ ಎಣಿಸಿರಿ

ಆಲಮಟ್ಟಿಯ ಅಡಿಗಲ್ಲನ್ನು ಲಾಲ ಬಹಾದ್ದೂರ ಶಾಸ್ತ್ರಿಯವರು ಇಟ್ಟದ್ದು 1964ರ ಮೇ 22ರಂದು. ಆ ದಿನ ತೊಟ್ಟಿಲಲ್ಲಿದ್ದ ಬಾಗಲಕೋಟೆಯ ಕೂಸಿಗೆ ಈಗ ಮೊಮ್ಮಕ್ಕಳಾಗಿವೆ. ಊರು ಮಾತ್ರ ಇನ್ನೂ ಗಂಟು ಕಟ್ಟಿಕೊಂಡು ಹೊಸ್ತಿಲಲ್ಲಿ ಕುಳಿತಿದೆ. ಒಂದು ಭಾಗ ಹಿನ್ನೀರಿಗೆ ಹೋಯಿತು, ನವನಗರ ಎದ್ದಿತು. ಈಗ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬೇಕೆಂದಿದೆ. ಉಳಿದ ಓಣಿಗಳಲ್ಲಿ ಇನ್ನಷ್ಟು ಏಳಬೇಕು.

2025ರ ಸಪ್ಟೆಂಬರದಲ್ಲಿ ಮಂತ್ರಿಮಂಡಳವು ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ಗೊತ್ತು ಮಾಡಿತು. ರೈತರು ಹೋರಾಡಿ ಪಡೆದ ಧಾರಣೆಯಿದು. ನಾವು ಸ್ವಾಗತಿಸುತ್ತೇವೆ, ರೊಕ್ಕ ಕೈಸೇರಿದ ದಿನ ಇನ್ನೊಮ್ಮೆ ಸ್ವಾಗತಿಸುತ್ತೇವೆ. ಆದರೆ ಎಕರೆಯೂ ಇಲ್ಲದ, ಗೋಡೆಯೂ ತನ್ನದಲ್ಲದ ಮನುಷ್ಯನ ಧಾರಣೆ ಎಷ್ಟು?

ಹಳೆಯ ಊರಿನ ಒಂದು ಮನೆಯನ್ನು ನೋಡಿರಿ. ಉತಾರದಲ್ಲಿ ಒಂದೇ ಹೆಸರು, ಅದೂ ತೀರಿಹೋದ ತಂದೆಯದು. ಒಳಗೆ ಬೇರೆಯಾದ ಮೂವರು ಅಣ್ಣತಮ್ಮಂದಿರ ಮೂರು ಒಲೆ. ಹಿತ್ತಲ ಖೋಲಿಯಲ್ಲಿ ಹಮಾಲಿ ಮಾಡುವ ಬಾಡಿಗೆದಾರನದು ನಾಲ್ಕನೆಯದು. ಅಳತೆಗೆ ಬಂದ ಸರ್ವೇದಾರನಿಗೆ ಕಾಣುವುದು ಒಂದು ಮನೆ. ಕಟ್ಟಡದ ಪರಿಹಾರ ಉತಾರದ ಹೆಸರಿಗೆ ಸಲ್ಲುತ್ತದೆ. ಹಮಾಲನಿಗೆ ಸಿಗುವುದು ಮಾಲೀಕನ "ಖಾಲಿ ಮಾಡಪ್ಪಾ" ಎಂಬ ಮಾತು.

ಅವನು ಹೋಗುವುದಾದರೂ ಎಲ್ಲಿಗೆ? 1997ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿಗಳು ಬಂದವು, ವೈದ್ಯಕೀಯ ಕಾಲೇಜು ಬಂತು, ತೋಟಗಾರಿಕೆ ವಿಶ್ವವಿದ್ಯಾಲಯ ಬಂತು. ಬರಲಿ, ಒಳ್ಳೆಯದೇ. ಜೊತೆಗೆ ಪಗಾರದವರು, ವಿದ್ಯಾರ್ಥಿಗಳು ಬಂದರು. 2001ರಲ್ಲಿ 90,988 ಇದ್ದ ಪಟ್ಟಣದ ಜನಸಂಖ್ಯೆ 2011ರಲ್ಲಿ 1,11,933 ಆಯಿತು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಪಗಾರದವನು ಕೊಡುವ ಬಾಡಿಗೆಯ ಎದುರು ಹಮಾಲ ನಿಲ್ಲಲಾರ. ನವನಗರದಲ್ಲಿ ಪ್ಲಾಟುಗಳಿಲ್ಲವೆಂದಲ್ಲ; ಪ್ಲಾಟು ಬೇರೆ, ಸೂರು ಬೇರೆ.

ಇಳಕಲ್ಲಿನ ಕತೆ ನೀರಿನದಲ್ಲ, ಆದರೂ ಬೇರೆಯಲ್ಲ. ಅಲ್ಲಿ ನೇಕಾರನ ಮನೆಯೇ ಕಾರಖಾನೆ. ಕುಣಿಮಗ್ಗ ಹೂಡಲು ನೆಲ ಅಗೆಯಬೇಕು. ಬಾಡಿಗೆಯ ಮನೆಯ ನೆಲ ಅಗೆಯಲು ಯಾವ ಮಾಲೀಕ ಒಪ್ಪಿಯಾನು? ಅಂಥವನಿಗೆ ಎರಡನೆಯ ಅಂತಸ್ತಿನಲ್ಲಿ ಮನೆ ಕೊಟ್ಟರೆ ಸೂರು ಕೊಟ್ಟು ಅನ್ನ ಕಸಿದಂತೆ. ಬಾದಾಮಿಯ ಅಗಸ್ತ್ಯ ಹೊಂಡದ ದಂಡೆಯಲ್ಲಿ, ಹುನಗುಂದ ತಾಲೂಕಿನ ಐಹೊಳೆಯಲ್ಲಿ ಗುಡಿಗಳ ಮಗ್ಗುಲಲ್ಲಿದ್ದವರ ಸ್ಥಳಾಂತರದ ಮಾತು ವರ್ಷಗಟ್ಟಲೆ ನಡೆದಿದೆ. ಎಬ್ಬಿಸುವೆವೆಂದವರು ಕೂರಿಸುವ ಜಾಗ ಮೊದಲು ತೋರಿಸಲಿ.

1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಉಳುವವನೇ ಹೊಲದೊಡೆಯನಾಗಬೇಕೆಂದು ಸತ್ಯಾಗ್ರಹ ಹೂಡಿದಾಗ ನಕ್ಕವರಿದ್ದರು. 1974ರ ತಿದ್ದುಪಡಿಯಲ್ಲಿ ಅದು ಕಾನೂನಾಯಿತು. ತಾಂಡಾ, ಹಟ್ಟಿಗಳಲ್ಲಿ ವಾಸಿಸುವವನೇ ನೆಲದೊಡೆಯನೆಂದು ಸರಕಾರವೇ ಒಪ್ಪಿದೆ. ಹಾಗಾದರೆ ಬಾಗಲಕೋಟೆಯ ಖೋಲಿಯಲ್ಲಿ ಇಪ್ಪತ್ತು ವರ್ಷ ಬಾಡಿಗೆ ತೆತ್ತವನನ್ನು ಸಂತ್ರಸ್ತನೆನ್ನಲು ಏನಡ್ಡಿ?

ನಮ್ಮ ಬೇಡಿಕೆ ಇಷ್ಟೇ: ನೀರು ಏರುವ ಮೊದಲು ಒಲೆಗಳ ಎಣಿಕೆಯಾಗಲಿ, ಬಾಡಿಗೆದಾರನ ಹೆಸರೂ ಪಟ್ಟಿಯಲ್ಲಿ ಬರಲಿ, ಅವನಿಗೆ ಬರೀ ನಿವೇಶನವಲ್ಲ, ಕಟ್ಟಿದ ಮನೆ ಸಿಗಲಿ. ಸರಕಾರ ಎಣಿಸದಿದ್ದರೆ ನಾವೇ ಎಣಿಸುತ್ತೇವೆ. ಕಾರ್ಯಕರ್ತರು ಓಣಿಗೆ ಬಂದಾಗ ವಾಚಕರು ಪಡಿತರ ಚೀಟಿ, ಕರೆಂಟಿನ ಬಿಲ್ಲು, ಬಾಡಿಗೆ ಪಾವತಿಗಳನ್ನು ಹುಡುಕಿ ಇಟ್ಟುಕೊಂಡಿರಬೇಕು. ಪಾವತಿ ಕೊಡದ ಮಾಲೀಕರಾದರೆ ನೆರೆಮನೆಯವರಿಬ್ಬರ ರುಜು ಸಾಕು.