ಜೂಜಿನ ಗಳಿಕೆ ಕೆಡಿಸುವ ಅಳತೆಗೋಲು

ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕಾರ ನೀಡಿತು. ಪೋಕರ್ ಮತ್ತು ರಮ್ಮಿ ಕೌಶಲದ ಆಟಗಳೋ ಅದೃಷ್ಟದ ಆಟಗಳೋ ಎಂಬ ಹಳೆಯ ವಾದವನ್ನು ಅದು ಬದಿಗಿರಿಸಿ, ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು. ಈ ಆಟಗಳಲ್ಲಿ ಸುಮಾರು 45 ಕೋಟಿ ಜನರು ವರ್ಷಕ್ಕೆ 20 ಸಾವಿರ ಕೋಟಿ ರೂಪಾಯಿಗಳಷ್ಟು ಕಳೆದುಕೊಳ್ಳುತ್ತಿದ್ದಾರೆಂಬುದು ಸರಕಾರದ್ದೇ ಅಂದಾಜಾಗಿತ್ತು. ಇದಕ್ಕಿಂತ ಮೊದಲು, 2021ರಲ್ಲಿ, ಕರ್ನಾಟಕ ಸರಕಾರವೂ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥದೇ ಪ್ರಯತ್ನ ಮಾಡಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕೇಂದ್ರ ಸರಕಾರವಾದರೋ 2023ರ ಅಕ್ಟೋಬರ್‌ನಿಂದ ಇದೇ ಆಟಗಳ ಮೇಲೆ ಶೇ. 28 ಜಿಎಸ್‌ಟಿ ವಿಧಿಸಿ ತನ್ನ ಪಾಲನ್ನು ಪಡೆಯತೊಡಗಿತ್ತು. ತೆರಿಗೆಯಿಂದ ನಿಷೇಧದವರೆಗಿನ ದಾರಿಯಲ್ಲಿ ಎಷ್ಟು ಮನೆಗಳು ಮುಳುಗಿದವೋ ಬಲ್ಲವರಾರು? ತಡವಾಗಿಯಾದರೂ ಬಂದ ಈ ಕಾನೂನನ್ನು ನಾವು ಸ್ವಾಗತಿಸುತ್ತೇವೆ.

ಆದರೆ ಈ ಚರ್ಚೆಯುದ್ದಕ್ಕೂ ಕೇಳಿಬಂದದ್ದು ಸೋತವರ ಕತೆ ಮಾತ್ರ. ಸಾಲ, ಊರು ಬಿಟ್ಟು ಹೋಗುವುದು, ಆತ್ಮಹತ್ಯೆ- ಇವೆಲ್ಲ ಕಣ್ಣಿಗೆ ಕಾಣುವ ಹಾನಿಗಳು. ಗೆದ್ದವನ ಮನೆಯಲ್ಲಿ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಪೋಕರನ್ನೇ ಆದಾಯದ ದಾರಿಯಾಗಿ ಮಾಡಿಕೊಂಡು, ತಿಂಗಳ ಕೊನೆಗೆ ಒಂದಿಷ್ಟು ಉಳಿಸುವವರೂ ಇದ್ದಾರೆ. "ನಾನು ಸೋತಿಲ್ಲವಲ್ಲ, ಮತ್ತೇನು ತೊಂದರೆ?" ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಗೆ ಉತ್ತರಿಸದೆ ನಮ್ಮ ಯುವಕರನ್ನು ತಿದ್ದಲಾಗದು.

ಬೀಡಿ ಕಟ್ಟುವ ತಾಯಿಗೆ ನೂರು ರೂಪಾಯಿಯ ಬೆಲೆ ಗೊತ್ತು. ಅದು ಎಷ್ಟು ಹೊತ್ತು ಕುಳಿತು ಕಟ್ಟಿದ ಎಷ್ಟು ಬೀಡಿ ಎಂಬುದನ್ನು ಅವಳ ಬೆರಳುಗಳೇ ಹೇಳುತ್ತವೆ. ಗ್ಯಾರೇಜಿನ ಮೆಕ್ಯಾನಿಕ್, ಮೀನಿನ ವ್ಯಾಪಾರಿ, ರಿಕ್ಷಾ ಚಾಲಕ ಎಲ್ಲರೂ ಅಂಗಡಿಯ ಮುಂದೆ ನಿಂತು ಬೆಲೆ ಕೇಳುವಾಗ ಅರಿವಿಲ್ಲದೆಯೇ ತಮ್ಮ ದುಡಿಮೆಯ ಗಂಟೆಗಳನ್ನು ಎಣಿಸುತ್ತಾರೆ. ಈ ಎಣಿಕೆಯೇ ಸಂಸಾರದ ಅಳತೆಗೋಲು. ಮಿತವ್ಯಯ, ಉಳಿತಾಯ, ಕೊಡುವಾಗಿನ ತೃಪ್ತಿ ಎಲ್ಲವೂ ಅದರ ಮೇಲೆ ನಿಂತಿವೆ.

ಪೋಕರ್ ಮೊದಲು ಮುರಿಯುವುದು ಈ ಅಳತೆಗೋಲನ್ನು. ಮೇಜಿನ ಮೇಲೆ ನೋಟುಗಳಿರುವುದಿಲ್ಲ, ಬಣ್ಣದ ಬಿಲ್ಲೆಗಳಿರುತ್ತವೆ. ಮೊಬೈಲಿನಲ್ಲಾದರೆ ಬಿಲ್ಲೆಯೂ ಇಲ್ಲ, ಬರಿಯ ಅಂಕೆ. ಎದುರಿಗಿರುವ ಐದು ಸಾವಿರದ ರಾಶಿಯನ್ನು ಒಂದು ತಿಂಗಳ ದಿನಸಿಯೆಂದು ಭಾವಿಸುವವನು ಹೆದರುತ್ತಾನೆ, ಹೆದರಿದವನು ಸೋಲುತ್ತಾನೆ. ಆದ್ದರಿಂದ ಹಣವನ್ನು ಹಣವೆಂದು ಕಾಣದಿರುವುದೇ ಅಲ್ಲಿನ ಮೊದಲ ಪಾಠ. ಒಂದು ರಾತ್ರಿಯಲ್ಲಿ ಹತ್ತು ಸಾವಿರ ಹೋದರೂ ಮುಖ ಬದಲಾಗಬಾರದು, ಬಂದರೂ ಬದಲಾಗಬಾರದು. ಆಟಗಾರನಿಗೆ ಇದು ಕೌಶಲವಿರಬಹುದು. ಆದರೆ ರಾತ್ರಿಯಿಡೀ ಕಲಿತ ಈ ನಿರ್ಲಿಪ್ತತೆಯನ್ನು ಬೆಳಗ್ಗೆ ಮನೆಯ ಹೊಸ್ತಿಲಲ್ಲಿ ಚಪ್ಪಲಿಯಂತೆ ಕಳಚಿಡಲು ಸಾಧ್ಯವೇ?

ಸಾಧ್ಯವಿಲ್ಲ. ಸಾವಿರಗಳನ್ನು ಒಂದು ಎಲೆಯ ಮೇಲೆ ಕಟ್ಟುವವನಿಗೆ ಮಾರುಕಟ್ಟೆಯಲ್ಲಿ ಇಪ್ಪತ್ತು ರೂಪಾಯಿಗಾಗಿ ಚೌಕಾಸಿ ಮಾಡುವ ಹೆಂಡತಿ ಸಣ್ಣವಳಾಗಿ ಕಾಣುತ್ತಾಳೆ. ದಿನಗೂಲಿಗೆ ಹೋಗುವ ತಮ್ಮ ದಡ್ಡನಾಗಿ ಕಾಣುತ್ತಾನೆ. ಗೆದ್ದ ದಿನ ಮನೆಗೆ ಹೊಸ ಫೋನು, ಹೋಟೆಲಿನ ಊಟ, ಗೆಳೆಯರಿಗೆ ಔತಣ. ಗೆದ್ದ ಹಣವನ್ನು ಮನುಷ್ಯ ತನ್ನದೆಂದು ಭಾವಿಸದೆ ಹೆಚ್ಚು ಧಾರಾಳವಾಗಿ ಪಣಕ್ಕೊಡ್ಡುತ್ತಾನೆ ಎಂಬುದನ್ನು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಎರಿಕ್ ಜಾನ್ಸನ್ 1990ರಲ್ಲೇ ತಮ್ಮ ಅಧ್ಯಯನದಲ್ಲಿ ತೋರಿಸಿದ್ದರು. ಥೇಲರ್‌ಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಸುಲಭವಾಗಿ ಬಂದದ್ದು ಸುಲಭವಾಗಿ ಹೋಗುತ್ತದೆಂದು ನಮ್ಮ ಅಜ್ಜಿಯಂದಿರು ಯಾವ ಪ್ರಶಸ್ತಿಯೂ ಇಲ್ಲದೆ ಹೇಳುತ್ತಿದ್ದರು. ಮೈಸಿರ್ ಎಂಬ ಅರಬಿ ಪದವನ್ನೂ ಸುಲಭ ಎಂಬರ್ಥದ ಧಾತುವಿನಿಂದಲೇ ಭಾಷಾಪಂಡಿತರು ವಿವರಿಸುತ್ತಾರೆ.

ವಿಪರ್ಯಾಸವೆಂದರೆ, ಇದೇ ಧಾರಾಳಿ ಮರುವಾರ ಕಡು ಜಿಪುಣನಾಗುತ್ತಾನೆ. ಜೂಜುಗಾರನಿಗೆ ಕೈಯಲ್ಲಿರುವ ಹಣ ಸಂಸಾರದ ಹಣವಲ್ಲ, ಮುಂದಿನ ಆಟದ ಬಂಡವಾಳ. ಮಗಳ ಶಾಲಾ ಶುಲ್ಕ, ತಾಯಿಯ ಔಷಧಿ, ಮನೆ ಬಾಡಿಗೆ ಎಲ್ಲವೂ ಆ ಬಂಡವಾಳವನ್ನು ಕೊರೆಯುವ ಕಿರುಕುಳಗಳಾಗಿ ತೋರುತ್ತವೆ. ಹೀಗೆ ಒಂದೇ ಕೈ ಬೇಡದ ಕಡೆ ಚೆಲ್ಲುತ್ತದೆ, ಬೇಕಾದ ಕಡೆ ಮುಷ್ಟಿ ಬಿಗಿಯುತ್ತದೆ. ಪವಿತ್ರ ಕುರ್‌ಆನ್ ಸತ್ಯವಿಶ್ವಾಸಿಯ ಖರ್ಚನ್ನು ದುಂದು ಮತ್ತು ಜಿಪುಣತನಗಳ ನಡುವಿನ ಸಮತೋಲನವೆಂದು ಪರಿಚಯಿಸುತ್ತದೆ (25: 67). ಜೂಜು ಈ ಎರಡು ಕೇಡುಗಳನ್ನೂ ಒಬ್ಬನಲ್ಲೇ ಒಟ್ಟುಗೂಡಿಸುತ್ತದೆ.

ಇನ್ನು ಗಳಿಕೆಯ ಲೆಕ್ಕವನ್ನೂ ನೋಡೋಣ. ಆರು ಮಂದಿ ತಲಾ ಹತ್ತು ಸಾವಿರ ತಂದು ಆಡಲು ಕೂರುತ್ತಾರೆಂದು ಭಾವಿಸಿ. ಒಟ್ಟು ಅರವತ್ತು ಸಾವಿರ. ಆಡಿಸುವವನು ಪ್ರತಿ ಆಟದಲ್ಲೂ ತನ್ನ ಪಾಲು ತೆಗೆದು ರಾತ್ರಿ ಮುಗಿಯುವಾಗ ಆರು ಸಾವಿರ ಎತ್ತಿಕೊಂಡರೆ ಉಳಿಯುವುದು ಐವತ್ತನಾಲ್ಕು ಸಾವಿರ. ಒಬ್ಬ ಇಪ್ಪತ್ತು ಸಾವಿರದೊಂದಿಗೆ ಎದ್ದು ಹೋದರೆ, ಐವತ್ತು ಸಾವಿರ ತಂದಿದ್ದ ಉಳಿದ ಐವರಿಗೆ ಸಿಗುವುದು ಮೂವತ್ತನಾಲ್ಕು ಸಾವಿರ. ಅಲ್ಲಿ ಒಂದು ಇಟ್ಟಿಗೆ ಸುಡಲಿಲ್ಲ, ಒಂದು ಅಂಗಿ ಹೊಲಿಯಲಿಲ್ಲ. ಗೆದ್ದವನು ತಂದ ಪ್ರತಿಯೊಂದು ರೂಪಾಯಿಯೂ ಇನ್ನೊಬ್ಬನ ಮನೆಯಿಂದ ಬಂದದ್ದು. ಕೌಶಲವಿದೆ ಎಂದೇ ಒಪ್ಪೋಣ. ಕಳ್ಳತನಕ್ಕೂ ಕೌಶಲ ಬೇಕಲ್ಲವೇ? ಜೂಜು ನಿಮ್ಮೊಳಗೆ ವೈರ, ದ್ವೇಷಗಳನ್ನು ಬಿತ್ತುತ್ತದೆಂದು ಕುರ್‌ಆನ್ ಎಚ್ಚರಿಸಿರುವುದು (5: 91) ಸುಮ್ಮನೆ ಅಲ್ಲ.

ಇಲ್ಲಿ ಸಮುದಾಯವೂ ತನ್ನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕಾಗಿದೆ. ಇಸ್ಲಾಮಿಗಿಂತ ಮುಂಚಿನ ಅರಬರು ಒಂಟೆ ಕೊಯ್ದು, ಬಾಣಗಳನ್ನೆತ್ತಿ ಜೂಜಾಡುತ್ತಿದ್ದರು. ಗೆದ್ದ ಮಾಂಸವನ್ನು ಬಡವರಿಗೆ ಹಂಚಿ ಉದಾರಿಗಳೆಂದು ಮೆರೆಯುತ್ತಿದ್ದರು. ಆಡದವನು ಅವರ ದೃಷ್ಟಿಯಲ್ಲಿ ಜಿಪುಣ. ಜೂಜಿನಲ್ಲಿ ಜನರಿಗೆ ಒಂದಿಷ್ಟು ಪ್ರಯೋಜನವಿದೆಯಾದರೂ ಅದರ ಪಾಪವು ಪ್ರಯೋಜನಕ್ಕಿಂತ ದೊಡ್ಡದೆಂದು ಕುರ್‌ಆನ್ (2: 219) ತೀರ್ಪಿತ್ತದ್ದು ಇಂಥ ಸಮಾಜದಲ್ಲಿ. ನಮ್ಮ ಪಟ್ಟಣಗಳಲ್ಲಿ ಇಂದು ನಡೆಯುವುದೇನು? ತಂಗಿಯ ಮದುವೆಗೆ ದೊಡ್ಡ ಹಾಲ್ ಹಿಡಿದವನನ್ನು, ಮಸೀದಿಯ ಕಟ್ಟಡಕ್ಕೆ ದೊಡ್ಡ ಮೊತ್ತ ಬರೆಸಿದವನನ್ನು ನಾವು ಮುಂದಿನ ಕುರ್ಚಿಯಲ್ಲಿ ಕೂರಿಸುತ್ತೇವೆ. ಎಲ್ಲಿಂದ ತಂದೆ ಎಂದು ಕೇಳುವುದಿಲ್ಲ. ಅವನ ಮದುವೆಯ ಊಟವೇ ಕೇರಿಯ ಮಾನದಂಡವಾಗಿ, ದುಡಿದು ತಿನ್ನುವ ನೆರೆಯವನು ಮಗಳ ಮದುವೆಗೆ ಬಡ್ಡಿ ಸಾಲ ಮಾಡುತ್ತಾನೆ. ಒಬ್ಬನ ಕೆಟ್ಟ ಅಳತೆಗೋಲು ಹೀಗೆ ಇಡೀ ಕೇರಿಯ ಅಳತೆಗೋಲಾಗುತ್ತದೆ. ಅಲ್ಲಾಹನು ಪರಿಶುದ್ಧನು, ಪರಿಶುದ್ಧವಾದುದನ್ನು ಮಾತ್ರ ಸ್ವೀಕರಿಸುತ್ತಾನೆ ಎಂಬ ಪ್ರವಾದಿ(ಸ) ವಚನದ ಆಶಯವನ್ನು ದೇಣಿಗೆ ರಶೀದಿ ಹರಿಯುವವರು ಮರೆಯಬಾರದು.

ಕಾನೂನು ಆಡಿಸುವವನನ್ನು ಶಿಕ್ಷಿಸುತ್ತದೆ, ಆಡುವವನನ್ನು ಬಲಿಪಶುವೆಂದು ಪರಿಗಣಿಸಿ ಬಿಟ್ಟುಬಿಡುತ್ತದೆ. ಅದು ಸರಿಯೇ. ಆದರೆ ಒಂದು ಆ್ಯಪ್ ಮುಚ್ಚಿದರೆ ಕ್ಲಬ್ಬಿನ ಮೇಜು ಉಳಿಯುತ್ತದೆ, ಗೆಳೆಯನ ರೂಮು ಉಳಿಯುತ್ತದೆ. ಮುರಿದ ಅಳತೆಗೋಲನ್ನು ನೆಟ್ಟಗೆ ಮಾಡುವ ಕೆಲಸ ಪೊಲೀಸರದ್ದಲ್ಲ, ಮನೆಯದ್ದು ಮತ್ತು ಜಮಾಅತಿನದ್ದು. ಮಗ ತಂದ ಹಣವನ್ನು ಎಣಿಸುವ ಮುನ್ನ ತಾಯಿ ತಂದೆಯರು ಅದರ ದಾರಿ ಕೇಳಲಿ. ಖತೀಬರು ಜುಮಾ ಖುತ್ಬಾದಲ್ಲಿ ಬಡ್ಡಿ, ಮದ್ಯಗಳೊಂದಿಗೆ ಮೊಬೈಲಿನ ಜೂಜನ್ನೂ ಹೆಸರೆತ್ತಿ ಹೇಳಲಿ. ಸಾಲದಲ್ಲಿ ಸಿಲುಕಿ ಹೊರಬರಲು ಹೆಣಗುವ ಯುವಕನನ್ನು ಹೀಯಾಳಿಸದೆ, ಬೈತುಲ್‌ಮಾಲ್ ಮತ್ತು ಬಡ್ಡಿರಹಿತ ಸಾಲದ ವ್ಯವಸ್ಥೆಗಳು ಅವನ ಕೈ ಹಿಡಿಯಲಿ. ಇಲ್ಲವಾದರೆ ಕಳೆದುದನ್ನು ಮರಳಿ ಪಡೆಯಲು ಅವನು ಮತ್ತೆ ಅದೇ ಮೇಜಿಗೆ ಹೋಗುತ್ತಾನೆ.

ಅಂತ್ಯದಿನದಂದು ಸಂಪತ್ತಿನ ಬಗ್ಗೆ ಎರಡು ಪ್ರಶ್ನೆಗಳಿವೆಯೆಂದು ಪ್ರವಾದಿ(ಸ) ಕಲಿಸಿದ್ದಾರೆ: ಎಲ್ಲಿಂದ ಗಳಿಸಿದೆ, ಎಲ್ಲಿ ಖರ್ಚು ಮಾಡಿದೆ? ಈ ಎರಡನ್ನು ನಾವು ಬೇರೆ ಬೇರೆ ಪ್ರಶ್ನೆಗಳೆಂದು ತಿಳಿದಿದ್ದೆವು. ಮೊದಲನೆಯದಕ್ಕೆ ಸರಿಯಾದ ಉತ್ತರವಿಲ್ಲದವನಿಗೆ ಎರಡನೆಯದಕ್ಕೂ ಉತ್ತರವಿರುವುದಿಲ್ಲ ಎಂಬುದನ್ನು ಜೂಜುಗಾರನ ಮನೆ ನಮಗೆ ತೋರಿಸಿಕೊಡುತ್ತಿದೆ.